ಚಪ್ಪಲಿ ಯಾರು ತರುತ್ತಾರೆ?

ನನ್ನ ಬೀಳ್ಕೊಡುಗೆಯ ದಿನ ಇಲಕಲ್ಲಿನ ಶಾಲೆಯಲ್ಲಿ ಹೆಗಲಿಗೆ ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟು, ಎರಡು ಮಾತು ಆಡಿ ಅಂದರು. "ನಿಮ್ಮ ತರಗತಿಗೆ ಜಾತಿ ಯಾವ ಬಾಗಿಲಿನಿಂದ ಬರುತ್ತದೆ ಅನ್ನುವುದನ್ನು ಮೊದಲು ನೋಡಲು ಕಲಿಯಿರಿ, ಪಾಠ ಆಮೇಲೆ" ಎಂದು ಹೇಳಿ ಕೂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾರ್ಯಕ್ರಮ ಮುಗಿದ ಮೇಲೆ, ಆರು ತಿಂಗಳ ಹಿಂದಷ್ಟೇ ಕೆಲಸಕ್ಕೆ ಸೇರಿದ್ದ ವಿದ್ಯಾ ಎಂಬ ಶಿಕ್ಷಕಿ ಪೇಢೆಯ ತಟ್ಟೆ ಹಿಡಿದು ಬಂದು, "ಈಗ ಅವೆಲ್ಲಾ ಎಲ್ಲಿ ಅದಾವ್ರಿ ಟೀಚರ್? ನಿಮ್ಮ ಕಾಲಕ್ಕ ಮುಗದು ಹೋದ್ವು" ಎಂದು ನಕ್ಕರು. ನನ್ನ ಬಾಯಲ್ಲಿ ಪೇಢೆ ಇತ್ತು. ನುಂಗಿ ಸುಮ್ಮನಾದೆ. ಹಾಗೆ ಸುಮ್ಮನಾದದ್ದಕ್ಕೆ ಎರಡು ವರ್ಷದಿಂದ ಮೈ ಉರಿಯುತ್ತಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೂವತ್ತು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕೆಲಸ ಮಾಡಿದೆ. ಬಡ್ತಿ ಯಾವಾಗ ಬಂತು, ಯಾರ ಕೈಯಿಂದ ಯಾವ ಫಲಕ ತೆಗೆದುಕೊಂಡೆ ಎಂಬುದೆಲ್ಲ ನನ್ನ ಮನೆಯ ಗೋಡೆಗೆ ಗೊತ್ತಿದೆ, ನಿಮಗೆ ಬೇಡ. ಈಗ ತಾನೇ ನೇಮಕದ ಪತ್ರ ಹಿಡಿದುಕೊಂಡು ಶಾಲೆಗೆ ಹೊರಟಿರುವ ನಿಮಗೆ ಬೇಕಾದದ್ದು ನನ್ನ ತಪ್ಪುಗಳು. ಅವು ನನ್ನ ಹತ್ತಿರ ಬೇಕಾದಷ್ಟು ಇವೆ.

ಮೊದಲ ತಪ್ಪು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಮಾಡಿದೆ. ಹುನಗುಂದ ತಾಲ್ಲೂಕಿನ ಒಂದು ಹಳ್ಳಿ. ಹೆಸರು ಹೇಳುವುದಿಲ್ಲ, ಯಾವ ಹಳ್ಳಿ ಎಂದು ಕೇಳುವವರು ತಮ್ಮ ಹಳ್ಳಿ ಎಂದೇ ತಿಳಿದುಕೊಳ್ಳಲಿ. ಮೂರನೆಯ ತರಗತಿಯಲ್ಲಿ ಕೇರಿಯಿಂದ ಬರುತ್ತಿದ್ದ ಒಂದು ಹುಡುಗಿ ಇಸ್ತ್ರಿ ಮಾಡಿದಂಥ ಲಂಗ ತೊಟ್ಟು, ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು ಬಂದಿದ್ದಳು. ನಾನು ಆಕೆಯನ್ನು ಎದ್ದು ನಿಲ್ಲಿಸಿ, "ನೋಡ್ರಿ, ಇಕಿ ಎಷ್ಟು ಸ್ವಚ್ಛ ಬಂದಾಳ! ಎಲ್ಲಾರೂ ಹಿಂಗ ಬರಬೇಕು" ಎಂದು ಹೊಗಳಿದೆ. ಅದೇ ಸಾಲಿನಲ್ಲಿ ಅಷ್ಟೇ ಸ್ವಚ್ಛವಾಗಿ ಕೂತಿದ್ದ ಗೌಡರ ಮಗಳನ್ನು ನಾನು ಎಬ್ಬಿಸಲಿಲ್ಲ. ಆಕೆ ಸ್ವಚ್ಛ ಇರುವುದರಲ್ಲಿ ನನಗೇನೂ ಸೋಜಿಗ ಇರಲಿಲ್ಲವಲ್ಲ! ಮರುದಿನ ಕೇರಿಯ ಹುಡುಗಿ ಹಸಿ ಲಂಗದಲ್ಲಿ ಬಂದಳು. ಇದ್ದದ್ದು ಒಂದೇ ಜೊತೆ. ಟೀಚರ್ ಹೊಗಳಿದ್ದಾರೆಂದು ಅವ್ವನಿಗೆ ಹಟ ಹಿಡಿದು ಅದನ್ನು ದಿನಾ ಒಗೆಸಲು ಶುರು ಮಾಡಿದ್ದಳಂತೆ. ಮಳೆಗಾಲದಲ್ಲಿ ಕೆಮ್ಮು ಹಿಡಿದು ಒಂದು ವಾರ ಮಲಗಿದಳು. ಇಡೀ ಕೇರಿಯ ಸ್ವಚ್ಛತೆಯನ್ನು ಸಾಬೀತು ಮಾಡುವ ಕೆಲಸವನ್ನು ನಾನು ಆ ಎಂಟು ವರ್ಷದ ಮಗುವಿಗೆ ಹಚ್ಚಿದ್ದೆ.

ಇದು ಸಣ್ಣದು. ದೊಡ್ಡದು ಅದೇ ಶಾಲೆಯಲ್ಲಿ ಹನ್ನೊಂದು ವರ್ಷ ನಡೆಯಿತು. ಹನ್ನೊಂದು ವರ್ಷವೂ ನಾನು ಅದನ್ನು ಒಳ್ಳೆಯ ಕೆಲಸ ಎಂದುಕೊಂಡಿದ್ದೆ.

ನಮ್ಮ ಕಡೆ ಶಾಲೆಯ ವಾರ್ಷಿಕೋತ್ಸವಕ್ಕೆ ಗ್ಯಾದರಿಂಗ್ ಅನ್ನುತ್ತಾರೆ. ಕೂಡಲಸಂಗಮ ನಮ್ಮ ಹಳ್ಳಿಗೆ ದೂರವಿಲ್ಲ, ಹಾಗಾಗಿ ಗ್ಯಾದರಿಂಗ್ ಎಂದರೆ ಕೊನೆಗೆ ಶರಣರ ನಾಟಕ ಆಗಲೇಬೇಕು. ಹರಳಯ್ಯನ ಕಥೆಯನ್ನು ನಾನೇ ನಾಲ್ಕು ಹಾಳೆಯ ನಾಟಕ ಮಾಡಿ ಬರೆದೆ. ಚಪ್ಪಲಿ ಹೊಲಿಯುವ ಹರಳಯ್ಯ ದಾರಿಯಲ್ಲಿ ಬಸವಣ್ಣನಿಗೆ 'ಶರಣು' ಅನ್ನುತ್ತಾನೆ. ಬಸವಣ್ಣ 'ಶರಣು ಶರಣಾರ್ಥಿ' ಎಂದು ಮರಳಿ ಹೇಳುತ್ತಾನೆ. ಒಂದು ಶರಣಿಗೆ ಎರಡು ಶರಣು ಬಂತಲ್ಲ, ಈ ಋಣ ಹೇಗೆ ತೀರಿಸಲಿ ಎಂದು ಹರಳಯ್ಯ ಮತ್ತು ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಚಪ್ಪಲಿ ಹೊಲಿದು ತರುತ್ತಾರೆ. ಬಸವಣ್ಣ ಅವನ್ನು ಕಾಲಿಗೆ ಹಾಕಿಕೊಳ್ಳದೆ ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಆ ಘಳಿಗೆಗೆ ಊರೆಲ್ಲ ಕಣ್ಣೀರು ಹಾಕುತ್ತಿತ್ತು, ಹಾಕುವವರಲ್ಲಿ ನಾನೂ ಇರುತ್ತಿದ್ದೆ.

ನಾಟಕದ ಮೊದಲ ಹಾಳೆಯ ಮೇಲೆ 'ಬೇಕಾಗುವ ಸಾಮಾನು' ಎಂದು ಬರೆದಿದ್ದೆ. ಲಿಂಗವಿಡುವ ಬೆಳ್ಳಿಯ ಕರಡಿಗೆ: ಬಸವಣ್ಣನ ಪಾತ್ರದ ಮಗು ಮನೆಯಿಂದ ತರಬೇಕು. ಹೊಸ ಚಪ್ಪಲಿ ಒಂದು ಜೊತೆ: ಹರಳಯ್ಯನ ಪಾತ್ರದ ಮಗು ಮನೆಯಿಂದ ತರಬೇಕು. ಓದಿದಿರಾ? ಇನ್ನೊಮ್ಮೆ ಓದಿ. ಬೆಳ್ಳಿ ಕರಡಿಗೆ ಯಾರ ಮನೆಯಲ್ಲಿ ಇರುತ್ತದೆ, ಹೊಸ ಚಪ್ಪಲಿ ಯಾರ ಮನೆಯಲ್ಲಿ ಹೊಲಿಯುತ್ತಾರೆ? ಪಾತ್ರ ಹಂಚುವ ಮೊದಲೇ ನನ್ನ ಸಾಮಾನಿನ ಪಟ್ಟಿ ಪಾತ್ರ ಹಂಚಿಬಿಟ್ಟಿತ್ತು. ನನ್ನ ತಲೆಗೆ ಇದು ಹೊಳೆಯಲಿಲ್ಲ. ನಮ್ಮ ಹೆಡ್ ಮಾಸ್ತರರು ಆ ಹಾಳೆಗಳನ್ನು ಝೆರಾಕ್ಸ್ ಮಾಡಿಸಿ ಸುತ್ತಲಿನ ಶಾಲೆಗಳ ಸಭೆಯಲ್ಲಿ ಹಂಚಿದಾಗ, ನನ್ನ ದುಂಡನೆಯ ಅಕ್ಷರ ತಾಲ್ಲೂಕೆಲ್ಲ ತಿರುಗುತ್ತದೆ ಎಂದು ಹಿಗ್ಗಿದ್ದೆ.

ಚಪ್ಪಲಿ ಬರುತ್ತಿದ್ದದ್ದು ಯಮನಪ್ಪನ ಮನೆಯಿಂದ. ಆತ ಹುನಗುಂದದ ಬಸ್ ನಿಲ್ದಾಣದ ಹೊರಗೆ ಕೂತು ಚಪ್ಪಲಿ ಹೊಲಿಯುತ್ತಿದ್ದ ಸಮಗಾರ. ಪ್ರತಿ ವರ್ಷ ಗ್ಯಾದರಿಂಗಿಗೆ ಹೊಸ ಜೊತೆಯೊಂದನ್ನು ತಾನೇ ಹೊಲಿದು ತಂದುಕೊಡುತ್ತಿದ್ದ. ಮೊದಲು ಆತನ ದೊಡ್ಡ ಮಗ ಹರಳಯ್ಯನಾದ, ಆಮೇಲೆ ತಮ್ಮನ ಮಕ್ಕಳಾದರು. ಮಗಳು ಸುರೇಖಾ ಐದನೆಯ ತರಗತಿಯಲ್ಲಿ, ಆರನೆಯ ತರಗತಿಯಲ್ಲಿ ಕಲ್ಯಾಣಮ್ಮನಾದಳು. ನಾಟಕ ಮುಗಿದ ಮೇಲೆ ಆ ಚಪ್ಪಲಿ ಏನಾಗುತ್ತಿತ್ತು ಗೊತ್ತೆ? ಮುಖ್ಯ ಅತಿಥಿಗಳೋ ಹೆಡ್ ಮಾಸ್ತರರೋ, ಯಾರ ಕಾಲಿಗೆ ಸರಿಹೋಗುತ್ತಿತ್ತೋ ಅವರು ಹಾಕಿಕೊಂಡು ಹೋಗುತ್ತಿದ್ದರು. ವೇದಿಕೆಯ ಮೇಲೆ ತಲೆಗೆ ಏರಿದ್ದು ವೇದಿಕೆ ಇಳಿದ ಮೇಲೆ ಕಾಲಿಗೆ ಇಳಿಯುತ್ತಿತ್ತು, ಹೊಲಿದವನನ್ನು ಯಾರೂ ಒಂದು ಮಾತು ಕೇಳುತ್ತಿರಲಿಲ್ಲ.

ಸುರೇಖಾ ಏಳನೆಯ ತರಗತಿಗೆ ಬಂದ ವರ್ಷ. ಆ ಶಾಲೆಯಲ್ಲಿ ಏಳೇ ತರಗತಿ, ಅದೇ ಆಕೆಯ ಕೊನೆಯ ಗ್ಯಾದರಿಂಗ್. ಮಧ್ಯಾಹ್ನದ ಬಿಡುವಿನಲ್ಲಿ ನಾನು ನಾಟಕದ ಹಾಳೆ ಹರಡಿಕೊಂಡು ಕೂತಿದ್ದೆ. ಆಕೆ ಬಂದು ನಿಂತಳು.

"ಟೀಚರ್, ನಂಗ ಬಸವಣ್ಣನ ಮಾತೆಲ್ಲಾ ಬರ್ತಾವ್ರಿ."

"ಭಾಳ ಛಲೋ ಆತು" ಎಂದೆ, ತಲೆ ಎತ್ತದೆ.

"ಎಲ್ಡ ವರ್ಷ ಅವನ ಮಗ್ಗಲಕ್ಕ ನಿಂತೇನಿ ನೋಡ್ರಿ. ಕೇಳಿ ಕೇಳಿ ಬಂದಾವ. ಈ ವರ್ಷ ನಾನ ಬಸವಣ್ಣ ಆಗ್ಲೇನ್ರಿ?"

ನಾನು ನಕ್ಕೆ. ಪ್ರೀತಿಯಿಂದಲೇ ನಕ್ಕೆ, ಅದೇ ಈಗ ನೆನೆದರೆ ಕೆನ್ನೆಗೆ ಹೊಡೆದುಕೊಳ್ಳಬೇಕು ಅನಿಸುತ್ತದೆ. ನಕ್ಕು, "ನೀ ಬಸವಣ್ಣ ಆದ್ರ ಚಪ್ಪಲಿ ಯಾರ ತರ್ತಾರ?" ಎಂದೆ.

ಆಕೆ ನಗಲಿಲ್ಲ. ನನಗೆ ಗಣಿತದ ಲೆಕ್ಕ ಬಿಡಿಸಿ ತೋರಿಸುವ ಹಾಗೆ ಸಾವಕಾಶವಾಗಿ ಹೇಳಿದಳು. "ಚಪ್ಪಲಿ ನಮ್ಮಪ್ಪ ಹೊಲದು ಕೊಡ್ತಾನ್ರಿ. ತರೂದು ಯಾರರ ತರಬೌದಲ್ರಿ?"

ಆಕೆ ಹೋದ ಮೇಲೆ ನನ್ನ ಹಳೆಯ ನೋಟ್‌ಬುಕ್ ತೆಗೆದೆ. ಪ್ರತಿ ವರ್ಷ ಯಾರಿಗೆ ಯಾವ ಪಾತ್ರ ಎಂದು ಅದರಲ್ಲಿ ಬರೆದಿಡುತ್ತಿದ್ದೆ. ಬಸವಣ್ಣನ ಹೆಸರಿನ ಎದುರು ಇದ್ದ ಹುಡುಗರೆಲ್ಲ ಊರ ಮೇಲಿನ ಓಣಿಯವರು. ಹರಳಯ್ಯ, ಕಲ್ಯಾಣಮ್ಮನ ಎದುರು ಇದ್ದವರೆಲ್ಲ ಕೆಳಗಿನ ಓಣಿಯವರು. ಕಟ್ಟಿಗೆ ಹೊರುವವನು, ಕಸ ಗುಡಿಸುವವಳು, ಅವರನ್ನೂ ನಾನು ಅದೇ ರೀತಿ ಹುಡುಕಿ ಹುಡುಕಿ ಹಾಕಿದ್ದೆ. ದಸ್ತಗೀರ ಎಂಬ ಚುರುಕು ಹುಡುಗನೊಬ್ಬ ನಾಲ್ಕು ವರ್ಷವೂ ಪರದೆ ಎಳೆದಿದ್ದ. ಆತನ ಹೆಸರನ್ನು ಹೇಳದೆ "ಏ ಸಾಬಾ, ಪಡದೆ ಎಳಿ" ಎಂದು ಹೆಡ್ ಮಾಸ್ತರರು ಕೂಗುತ್ತಿದ್ದರು, ನಾನು ಒಂದು ದಿನವೂ ತಡೆದಿರಲಿಲ್ಲ. ಮೇಲು ಕೀಳು ಇಲ್ಲ ಎಂದು ಸಾರುವ ನಾಟಕವನ್ನು ಹನ್ನೊಂದು ವರ್ಷ ಮೇಲು ಕೀಳು ನೋಡಿಯೇ ಮಾಡಿಸಿದ್ದೆ. ಯಾರೂ ನನ್ನ ಕೈ ಹಿಡಿದು ಬರೆಸಿರಲಿಲ್ಲ, ಎಲ್ಲವೂ ನನ್ನದೇ ಅಕ್ಷರ.

ಮರುದಿನ ಆರು ಮತ್ತು ಏಳನೆಯ ತರಗತಿಯ ಎಲ್ಲರನ್ನೂ ಕೂರಿಸಿ, ಯಾರಿಗೆ ಯಾವ ಮಾತು ಬರುತ್ತದೋ ಹೇಳಿ ತೋರಿಸಿರಿ ಎಂದೆ. ಸುರೇಖಾ ಬಸವಣ್ಣನ ಮಾತು ಹೇಳುವಾಗ ಹಿಂದಿನ ಸಾಲಿನ ಪುಂಡರೂ ಬಾಯಿ ಮುಚ್ಚಿ ಕೇಳಿದರು. ಶಾಲಾ ಸಮಿತಿಯ ಅಧ್ಯಕ್ಷರ ಮಗ ಪ್ರವೀಣ ಹರಳಯ್ಯನ ಮಾತು ಚೆನ್ನಾಗಿ ಹೇಳಿದ. ಹಿಂದಿನ ವರ್ಷ ಆತನೇ ಬಸವಣ್ಣ. ಬೇಸರ ಮಾಡಿಕೊಳ್ಳುತ್ತಾನೇನೋ ಎಂದು ನೋಡಿದರೆ ಹುಡುಗನಿಗೆ ಖುಷಿಯೋ ಖುಷಿ. "ಟೀಚರ್, ನಂಗ ಖರೇನ ಹೊಲಿಯಾಕ ಕಲಸ್ತಾರೇನ್ರಿ?" ಎಂದು ಕೇಳಿ, ರಜೆಯ ದಿನ ಹುನಗುಂದಕ್ಕೆ ಹೋಗಿ ಯಮನಪ್ಪನ ಮಗ್ಗುಲಲ್ಲಿ ಕೂತು ದಾರಕ್ಕೆ ಮೇಣ ಹಚ್ಚುವುದನ್ನು ಕಲಿತು ಬಂದ. ಮೂರು ವಾರ ತಾಲೀಮು ನಡೆಯಿತು. ಮಕ್ಕಳ ನಡುವೆ ಒಂದು ಸಣ್ಣ ತಕರಾರೂ ಬರಲಿಲ್ಲ. ಈ ಕಾಯಿಲೆಯನ್ನು ಮಕ್ಕಳು ಮನೆಯಿಂದ ತರುತ್ತಾರೆ ಎಂದು ದೂರುವವರು ಇದನ್ನು ನೆನಪಿಡಬೇಕು.

ಗ್ಯಾದರಿಂಗಿಗೆ ನಾಲ್ಕು ದಿನ ಇರುವಾಗ ಅಧ್ಯಕ್ಷರು ಬಂದರು. ಬಿಳಿ ಅಂಗಿ, ಹಣೆಯ ತುಂಬ ವಿಭೂತಿ, ಮಾತು ಬಹಳ ಮೆತ್ತಗೆ. ಹೆಡ್ ಮಾಸ್ತರರ ಕೋಣೆಯಲ್ಲಿ ಚಹಾ ತರಿಸಿಕೊಂಡು ಕೂತು ನನ್ನನ್ನು ಕರೆಸಿದರು.

"ಅಕ್ಕಾರ, ನಾವು ಬಸವಣ್ಣೋರ ಭಕ್ತರು. ನಮ್ಮ ಮನ್ಯಾಗ ಜಾತಿಗೀತಿ ಏನೂ ಇಲ್ಲ. ಆದ್ರ ನಮ್ಮ ಮನಿ ಕರಡಿಗಿ ಆ ಹುಡುಗಿ ಕೊರಳಾಗ ಹಾಕಿದ್ರ, ತಿರಗಿ ದೇವರ ಜಗಲಿ ಮ್ಯಾಲ ಇಡೂದು ಹೆಂಗ? ನೀವ ಹೇಳ್ರಿ."

"ಹಂಗಾರ ಕರಡಿಗಿ ಬ್ಯಾಡ ಬಿಡ್ರಿ. ನಾನ ರಟ್ಟಿನಾಗ ಒಂದು ಮಾಡಿ, ಬೆಳ್ಳಿ ಬ್ಯಾಗಡಿ ಹಾಳಿ ಅಂಟಸ್ತೇನಿ."

"ಕರಡಿಗಿದೊಂದ ಅಲ್ರಿ ಅಕ್ಕಾರ. ನನ್ನ ಮಗ ಊರ ಮಂದಿ ಮುಂದ ಕುಂತು ಚಪ್ಪಲಿ ಹೊಲಿಯೂದು ಚಂದ ಕಾಣತೈತೇನ್ರಿ? ನಾಳೆ ಅವಗ ಅದ ಹೆಸರು ಬೀಳತೈತಿ."

ಯಮನಪ್ಪನ ಮಗನಿಗೆ ಆ ಹೆಸರು ಬಿದ್ದಾಗ ಚಂದ ಕಂಡಿತ್ತೇನು ಎಂದು ಕೇಳಬೇಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಹೆಡ್ ಮಾಸ್ತರರು ನನ್ನ ಕಡೆ ತಿರುಗಿ, "ಟೀಚರ್, ನೀವು ನಾಟಕ ಮಾಡಸ್ರಿ. ಕ್ರಾಂತಿ ಮಾಡಬ್ಯಾಡ್ರಿ" ಎಂದರು. ನಾಟಕ ಯಾವುದರ ಬಗ್ಗೆ ಎಂದು ಆ ಪುಣ್ಯಾತ್ಮರಿಗೆ ಹನ್ನೊಂದು ವರ್ಷ ಮುಂದಿನ ಸಾಲಿನಲ್ಲಿ ಕೂತು ನೋಡಿದರೂ ತಿಳಿದಿರಲಿಲ್ಲ.

ಆದರೆ ಅವರ ಮೇಲೆ ಎಷ್ಟು ಸಿಟ್ಟು ಮಾಡಿಕೊಂಡರೂ, ಕೊನೆಗೆ ಕಾಲು ಹಿಂದೆ ತೆಗೆದವಳು ನಾನು. ಇಲಕಲ್ಲಿನಲ್ಲಿ ಅತ್ತೆಗೆ ಲಕ್ವ ಹೊಡೆದು ಮಲಗಿದ್ದರು. ಮನೆಯ ಹತ್ತಿರದ ಶಾಲೆಗೆ ವರ್ಗ ಕೇಳಿ ನಾನು ಕೊಟ್ಟಿದ್ದ ಅರ್ಜಿ ಅದೇ ಹೆಡ್ ಮಾಸ್ತರರ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. ಅವರು ಅರ್ಜಿಯ ಮಾತು ಎತ್ತಲೂ ಇಲ್ಲ. ಅದರ ಮೇಲೆ ಇಟ್ಟಿದ್ದ ಗಾಜಿನ ಗುಂಡನ್ನು ಸ್ವಲ್ಪ ಸರಿಸಿದರು, ಅಷ್ಟೇ. ನಾನು ಹೂಂ ಎಂದು ಹೊರಗೆ ಬಂದೆ.

ಸುರೇಖಾಳನ್ನು ಕರೆದು, "ಈ ವರ್ಷ ಕಲ್ಯಾಣಮ್ಮನ ಆಗವಾ. ಮುಂದಿನ ವರ್ಷ ನೋಡೂಣು" ಎಂದೆ.

ಆಕೆ ನನ್ನ ಮುಖ ನೋಡಿದಳು. "ಮುಂದಿನ ವರ್ಷ ನಾ ಈ ಸಾಲ್ಯಾಗ ಇರೂದಿಲ್ಲಲ್ರಿ ಟೀಚರ್."

ಅಷ್ಟು ಕೂಡ ನನಗೆ ನೆನಪಿರಲಿಲ್ಲ. ಆಕೆ ಕಲ್ಯಾಣಮ್ಮನಾಗಲು ಒಪ್ಪಲಿಲ್ಲ. ಅಳಲೂ ಇಲ್ಲ. ಆಕೆಯ ಚಿಕ್ಕಪ್ಪನ ಮಗನನ್ನು ಹರಳಯ್ಯ ಮಾಡಿ, ಅದೇ ಓಣಿಯ ಇನ್ನೊಂದು ಹುಡುಗಿಯನ್ನು ಕಲ್ಯಾಣಮ್ಮ ಮಾಡಿ, ಪ್ರವೀಣನ ಕೊರಳಿಗೆ ಬೆಳ್ಳಿ ಕರಡಿಗೆ ಹಾಕಿದೆವು.

ಗ್ಯಾದರಿಂಗಿನ ದಿನ ಊರೆಲ್ಲ ಸೇರಿತ್ತು. ಪರದೆ ಸರಿಯಿತು. ಹರಳಯ್ಯ ಎದುರಿಗೆ ಬಂದು 'ಶರಣು' ಎಂದ. ಪ್ರವೀಣ ಸುಮ್ಮನೆ ನಿಂತ. ಪಾಪ, ಆತ ಮೂರು ವಾರ ಕಲಿತದ್ದು ಹರಳಯ್ಯನ ಮಾತು, ಹಿಂದಿನ ವರ್ಷದ್ದೆಲ್ಲ ಮರೆತು ಹೋಗಿತ್ತು. ನಾನು ಪರದೆಯ ಹಿಂದೆ ಹಾಳೆಗಾಗಿ ತಡಕಾಡುತ್ತಿದ್ದೆ. ಆಗ ಮಂದಿಯ ಹಿಂದಿನಿಂದ, ಕೇರಿಯ ಹೆಂಗಸರು ಕೂತಿದ್ದ ಬೇವಿನ ಗಿಡದ ಬುಡದಿಂದ, ಗಟ್ಟಿ ದನಿಯಲ್ಲಿ "ಶರಣು ಶರಣಾರ್ಥಿ" ಎಂದು ಕೇಳಿಸಿತು. ಸುರೇಖಾ ಕೂತಲ್ಲಿಂದಲೇ ಹೇಳಿದ್ದಳು. ಪ್ರವೀಣ ಅದನ್ನೇ ತಿರುಗಿ ಹೇಳಿದ. ಆಮೇಲೆ ಪ್ರತಿ ಮಾತೂ ಹಾಗೆಯೇ ನಡೆಯಿತು, ಗಿಡದ ಬುಡದಲ್ಲಿ ಆಕೆ ಹೇಳುವುದು, ವೇದಿಕೆಯ ಮೇಲೆ ಆತ ಬಾಯಿ ಆಡಿಸುವುದು. ಚಪ್ಪಲಿ ತಲೆಗೆ ಏರಿದಾಗ ಮಂದಿ ಎಂದಿನಂತೆ ಕಣ್ಣು ಒರೆಸಿಕೊಂಡರು. ಮುಖ್ಯ ಅತಿಥಿಗಳು ಪ್ರವೀಣನಿಗೆ ಬಹುಮಾನ ಕೊಟ್ಟರು. ಆ ಹುಡುಗ ಬಹುಮಾನ ಹಿಡಿದುಕೊಂಡು ಗಿಡದ ಕಡೆಗೇ ನೋಡುತ್ತಿದ್ದ. ನಾಚಿಕೆಪಟ್ಟವನು ಅಲ್ಲಿ ಅವನೊಬ್ಬನೇ.

ಎಲ್ಲ ಮುಗಿದು ಕುರ್ಚಿ ಎತ್ತಿಡುವಾಗ ಯಮನಪ್ಪ ಬಂದ. ವೇದಿಕೆಯ ಕೆಳಗೆ ನಿಂತು, "ಅಕ್ಕಾರ, ಚಪ್ಪಲಿ ತಿರಗಿ ಕೊಡ್ರಿ" ಎಂದ. ಹನ್ನೊಂದು ವರ್ಷದಲ್ಲಿ ಆತ ಕೇಳಿದ್ದು ಇದೇ ಮೊದಲು. ಹೆಡ್ ಮಾಸ್ತರರು ಆಗಲೇ ಅದರಲ್ಲಿ ಕಾಲು ತೂರಿಸಲು ನೋಡುತ್ತಿದ್ದರು. ಹೋಗುತ್ತಿರಲಿಲ್ಲ, ಬಹಳ ಸಣ್ಣವಿದ್ದವು.

"ಈ ಸಲ ಯಾಕೋ ಯಮನಪ್ಪಾ, ಅಳತಿ ತಪ್ಪೀಯಲ್ಲ?" ಎಂದರು.

"ತಪ್ಪಿಲ್ರಿ ಸರ್" ಎಂದ ಯಮನಪ್ಪ. "ನಮ್ಮ ಸುರೇಖಾನ ಕಾಲಿನ ಅಳತಿಲೇ ಹೊಲದೇನಿ. ಬಸವಣ್ಣ ಆಗ್ತೇನಿ ಅಂತ ಹೇಳಿದ್ಲ್ರಿ."

ಚಪ್ಪಲಿಯನ್ನು ಅಂಗಿಯ ಚುಂಗಿನಿಂದ ಒರೆಸಿ ಕಂಕುಳಲ್ಲಿ ಇಟ್ಟುಕೊಂಡು ಹೋದ. ಆ ಬೇಸಿಗೆಯಲ್ಲಿ ನನಗೆ ವರ್ಗವಾಯಿತು. ಇಲಕಲ್ಲಿಗಲ್ಲ, ಬಾದಾಮಿ ತಾಲ್ಲೂಕಿಗೆ. ನಾನು ಹೆದರಿ ಉಳಿಸಿಕೊಂಡದ್ದು ಇಷ್ಟು.

ಬಾದಾಮಿಯ ಕಡೆ ಹೋದ ಮೇಲೆ ನಾನು ದೊಡ್ಡ ಸುಧಾರಕಿಯಾದೆ. ತಪ್ಪು ಮಾಡಿದವರಿಗೆ ಹೀಗೊಂದು ಹುರುಪು ಬರುತ್ತದೆ, ನಿಮಗೂ ಬರುತ್ತದೆ, ಎಚ್ಚರ ಇರಲಿ. ಮಕ್ಕಳನ್ನು ಗುಹೆ ತೋರಿಸಲು ಕರೆದೊಯ್ದಿದ್ದೆ. ಹೊಂಡದ ದಂಡೆಯಲ್ಲಿ ಬುತ್ತಿ ಬಿಚ್ಚುವಾಗ ಓಣಿಗೊಂದು ಗುಂಪಾಗಿ ಕೂತರು. ನಾನು ಎಲ್ಲರನ್ನೂ ಎಬ್ಬಿಸಿ, ಬುತ್ತಿಗಳನ್ನೆಲ್ಲ ಒಂದು ಚಾದರದ ಮೇಲೆ ಕೂಡಿಸಿ, ಯಾರ ಮನೆಯದಾದರೂ ಸರಿ, ಕೈಗೆ ಸಿಕ್ಕಿದ ರೊಟ್ಟಿ ತಿನ್ನಿ ಎಂದು ಅಪ್ಪಣೆ ಮಾಡಿದೆ. ಮಕ್ಕಳು ಹಬ್ಬದ ಹಾಗೆ ತಿಂದರು. ಮರುದಿನ ಐದನೆಯ ತರಗತಿಯ ಒಬ್ಬ ಹುಡುಗಿಯ ಬೆನ್ನ ಮೇಲೆ ಬಾಸುಂಡೆ ಇದ್ದವು. ಯಾರ ಮನೆಯ ರೊಟ್ಟಿ ತಿಂದೆ ಎಂದು ಅಜ್ಜಿ ಕೇಳಿ ಹೊಡೆದಿದ್ದಳು. ನ್ಯಾಯದ ಹುರುಪು ನನ್ನದು, ಬಾಸುಂಡೆ ಮಗುವಿನದು! ಆ ಸಂಜೆ ಆ ಅಜ್ಜಿಯ ಮನೆಗೆ ಹೋಗಿ ಜಗಳವಾಡಿದೆ. ಆಕೆ ನನಗೆ ಸರಿಯಾಗಿ ಬೈದಳು. "ನೀ ಪಗಾರ ತಗೊಂಡು ಹೋಗಾಕಿ. ನಾವು ಇದ ಊರಾಗ ಬಾಳೇ ಮಾಡಬೇಕು" ಎಂದಳು. ಆಮೇಲೆ ಎರಡು ವರ್ಷ ನಾನು ವಾರಕ್ಕೊಮ್ಮೆ ಒಂದೊಂದು ಮನೆಗೆ ಹೋಗಿ ಕೂತೆ, ಕೊಟ್ಟಲ್ಲೆಲ್ಲ ಚಹಾ ಕುಡಿದೆ, ಎಲ್ಲಿ ಕುಡಿದೆ ಎಂದು ಊರಿಗೆ ಗೊತ್ತಾಗುವ ಹಾಗೆ ಕಟ್ಟೆಯ ಮೇಲೆ ಕೂತೇ ಕುಡಿದೆ. ಬೈಗುಳ ಬರುವುದಿದ್ದರೆ ಮೊದಲು ಶಿಕ್ಷಕರಿಗೆ ಬರಲಿ. ಮಗುವನ್ನು ಮುಂದೆ ನಿಲ್ಲಿಸಿ ನೀವು ಹಿಂದೆ ನಿಲ್ಲಬೇಡಿ.

ನಾಟಕದ ರೀತಿಯನ್ನೂ ಬದಲಿಸಿದೆ. ಮನೆಯಿಂದ ಯಾರೂ ಏನೂ ತರುವಂತಿಲ್ಲ, ಎಲ್ಲ ರಟ್ಟಿನಲ್ಲಿ ಶಾಲೆಯಲ್ಲೇ ಆಗಬೇಕು. ತಾಲೀಮಿನಲ್ಲಿ ಎಲ್ಲರೂ ಎಲ್ಲ ಪಾತ್ರದ ಮಾತನ್ನೂ ಹೇಳಬೇಕು. ಕೊನೆಯ ವಾರದವರೆಗೆ ಯಾರು ಯಾರಾಗುತ್ತಾರೆ ಎಂದು ಯಾರಿಗೂ ಗೊತ್ತಿರಬಾರದು. ಕಸ ಗುಡಿಸುವುದು, ಪೂಜೆಗೆ ಕಾಯಿ ಒಡೆಯುವುದು, ಅತಿಥಿಗಳಿಗೆ ನೀರು ಕೊಡುವುದು, ಎಲ್ಲಕ್ಕೂ ಇದೇ ಕಟ್ಟಳೆ. ಇದಕ್ಕಾಗಿ ದೂರು ಬಂದವು. ಬಾಗಲಕೋಟೆಯ ಹತ್ತಿರದ ಶಾಲೆಯಲ್ಲಿದ್ದಾಗ, 'ಶಾಲೆಯ ಶಾಂತಿ ಕದಡುತ್ತಿದ್ದೀರಿ, ವಿವರಣೆ ಕೊಡಿ' ಎಂದು ಮೇಲಿನಿಂದ ನೋಟಿಸು ಬಂತು. 'ಹೌದು' ಎಂದು ಒಂದೇ ಮಾತು ಬರೆದು ಕಳಿಸಿದೆ. ಅದಕ್ಕೆ ಏನು ಮಾಡಬೇಕೆಂದು ಅವರಿಗೂ ತಿಳಿಯಲಿಲ್ಲ.

ತರಬೇತಿಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಸಮಾನತೆಯ ತರಬೇತಿ ಎಂದು ಮೂರು ದಿನ ಕೂರಿಸಿದ್ದರು. ಗೋಡೆಯ ಮೇಲೆ ಬಣ್ಣದ ಚಿತ್ರ, ಕೈ ಕೈ ಹಿಡಿದು ಆಟ, ಎಲ್ಲ ಆಯಿತು. ಮೊದಲ ದಿನವೇ ಊಟದ ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿದ್ದ ತರಬೇತುದಾರರು ಹೊಸ ಶಿಕ್ಷಕರೊಬ್ಬರ ಹೆಗಲ ಮೇಲೆ ಕೈಯಿಟ್ಟು, "ಸರ್, ನಿಮ್ಮದು ಯಾವ ಪೈಕಿ ಆತ್ರಿ?" ಎಂದು ಪ್ರೀತಿಯಿಂದ ಕೇಳಿದರು. ಆ ಶಿಕ್ಷಕರು ಹೇಳಿದರು. ಹೆಗಲ ಮೇಲಿನ ಕೈ ಕೆಳಗೆ ಇಳಿಯಿತು. ನಾನು ತಟ್ಟೆ ಹಿಡಿದುಕೊಂಡೇ ಗಟ್ಟಿಯಾಗಿ, "ಈಗ ನಂದೂ ಕೇಳ್ರಿ ಸರ್, ಕೈ ಎಲ್ಲಿ ಇಡಬೇಕು ಅಂತ ತಿಳೀತೈತಿ" ಎಂದೆ. ಇಡೀ ಸಾಲು ತಿರುಗಿ ನೋಡಿತು. ಉಳಿದ ಎರಡು ದಿನ ನನ್ನ ಜೊತೆ ಯಾರೂ ಕೈ ಹಿಡಿದು ಆಟ ಆಡಲಿಲ್ಲ.

ಹೀಗೆ ಬಾಯಿ ಮಾಡುತ್ತಲೇ ಇಲಕಲ್ಲಿಗೆ ಬಂದು ನಿವೃತ್ತಳಾದೆ. ತಪ್ಪು ತಿದ್ದಿಕೊಂಡೆ ಎಂಬ ಒಂದು ಸಮಾಧಾನ ಇತ್ತು. ಹೋದ ತಿಂಗಳು ಅದೂ ಹೋಯಿತು.

ಹುನಗುಂದದಿಂದ ಇಲಕಲ್ಲಿಗೆ ಬರುವ ಬಸ್ಸು ಹತ್ತಿದ್ದೆ. ಖಾಕಿ ಅಂಗಿಯ ಕಂಡಕ್ಟರ್ ಹೆಣ್ಣುಮಗಳು ಟಿಕೆಟ್ ಕೊಡಲು ಬಂದು ನನ್ನ ಮುಂದೆ ನಿಂತಳು. "ಟೀಚರ್, ಗುರ್ತ ಸಿಕ್ತೇನ್ರಿ?" ಎಂದಳು. ದನಿ ಕೇಳಿದ ಮೇಲೆ ಸಿಗದೆ ಇರುತ್ತದೆಯೆ? ಸುರೇಖಾ. ಯಮನಪ್ಪ ತೀರಿಕೊಂಡು ಮೂರು ವರ್ಷವಾಯಿತಂತೆ. ಗಂಡನ ಕೆಲಸಕ್ಕಾಗಿ ಇಲಕಲ್ಲಿನಲ್ಲೇ ಮನೆ ಮಾಡಿದ್ದಾರಂತೆ. ಮಗಳು ನಾಲ್ಕನೆಯ ತರಗತಿ.

"ನೀವು ರಿಟೈರ್ ಆದ ಸಾಲಿಗೇ ಹಚ್ಚೇನ್ರಿ" ಎಂದಳು. ನನಗೆ ಬಹಳ ಖುಷಿಯಾಯಿತು. ಉಳಿದವರಿಗೆ ಟಿಕೆಟ್ ಕೊಟ್ಟು ಬಂದು ನನ್ನ ಮಗ್ಗುಲಲ್ಲಿ ಕೂತಳು.

"ಗ್ಯಾದರಿಂಗ್ ಬಂತಲ್ರಿ. ನನ್ನ ಮಗಳಿಗೆ ಯಾವ ಪಾತ್ರ ಕ್ವಟ್ಟಿರಬೇಕು ಹೇಳ್ರಿ ನೋಡೂಣು."

ಸುರೇಖಾ ಮೊಬೈಲ್ ತೆಗೆದು ನನ್ನ ಕೈಗೆ ಕೊಟ್ಟಳು. ಪಾಲಕರ ಗುಂಪಿಗೆ ವಿದ್ಯಾ ಟೀಚರ್ ಕಳಿಸಿದ್ದ ಹಾಳೆಯ ಚಿತ್ರ. ಝೆರಾಕ್ಸಿನ ಝೆರಾಕ್ಸ್, ಅಂಚೆಲ್ಲ ಕಪ್ಪಾಗಿತ್ತು. ಆದರೂ ಓದಲು ಬರುತ್ತಿತ್ತು. ಹೊಸ ಚಪ್ಪಲಿ ಒಂದು ಜೊತೆ: ಹರಳಯ್ಯನ ಪಾತ್ರದ ಮಗು ಮನೆಯಿಂದ ತರಬೇಕು. ಕೆಳಗೆ ಪೆನ್ನಿನಿಂದ ಹೊಸದಾಗಿ ಬರೆದಿತ್ತು: ಈ ವರ್ಷ ಕಲ್ಯಾಣಮ್ಮನ ಪಾತ್ರದ ಮಗು ತರುತ್ತದೆ. ಎದುರಿಗೆ ಸುರೇಖಾಳ ಮಗಳ ಹೆಸರು.

"ಅಕ್ಷರ ನಿಮ್ಮವ ಅಲ್ರಿ?" ಎಂದಳು. ಆಕೆಯ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. "ನಮ್ಮಪ್ಪ ಇಲ್ಲ. ಚಪ್ಪಲಿ ಅಂಗಡ್ಯಾಗ ತರಬೇಕೇನ್ರಿ ಅಂತ ಕೇಳಾಕ ಹೋಗಿದ್ದೆ. 'ನಿಮ್ಮ ಮನ್ಯಾಗ ಇರ್ತಾವಲ್ರಿ' ಅಂದ್ರ್ರಿ ಆ ಟೀಚರ್."

ನಾನು ರೀತಿ ಬದಲಿಸಿದ್ದೆ, ಹಾಳೆ ಬದಲಿಸಿರಲಿಲ್ಲ. ನಾನು ಮೂರು ಶಾಲೆಯಲ್ಲಿ ಬಾಯಿ ಮಾಡುತ್ತಾ ತಿರುಗುವಷ್ಟರಲ್ಲಿ ನನ್ನ ಹಾಳೆ ಎಷ್ಟು ಶಾಲೆ ತಿರುಗಿತ್ತೋ, ಎಷ್ಟು ಮಕ್ಕಳಿಗೆ ನೀನು ಇಂಥವರ ಮನೆಯದು ಎಂದು ಹೇಳಿತ್ತೋ. ಇಲಕಲ್ಲಿನ ನಿಲ್ದಾಣದಲ್ಲಿ ಇಳಿದು ಮನೆಗೆ ಹೋಗಲಿಲ್ಲ. ನೇರ ಶಾಲೆಗೆ ನಡೆದೆ.

ವಿದ್ಯಾ ಎದ್ದು ಬಂದು ಕೈ ಹಿಡಿದರು. "ಬರ್ರಿ ಟೀಚರ್! ನಿಮ್ಮ ನಾಟಕಾನ ಮಾಡಸಾಕ್ಹತ್ತೇವ್ರಿ." ಮೇಜಿನ ಮೇಲೆ ಹಾಳೆ ಇತ್ತು, ಪಕ್ಕದಲ್ಲಿ ಯಾರದೋ ಮನೆಯ ಬೆಳ್ಳಿ ಕರಡಿಗೆ ಆಗಲೇ ಬಂದು ಕೂತಿತ್ತು. ನಾನು ಪೆನ್ನು ಇಸಿದುಕೊಂಡು ಕರಡಿಗೆಯದು, ಚಪ್ಪಲಿಯದು ಎರಡೂ ಸಾಲುಗಳನ್ನು, ಕೆಳಗಿನ ಹೆಸರನ್ನು ಹೊಡೆದು ಹಾಕಿದೆ. ಸುರೇಖಾ ಯಾರು, ನಾನು ಆಕೆಗೆ ಏನು ಮಾಡಿದ್ದೆ, ಎಲ್ಲವನ್ನೂ ಹೇಳಿದೆ. ಯಾರು ಯಾರಾಗಬೇಕೆಂದು ಎಲ್ಲ ಮಕ್ಕಳಿಂದ ಮಾತು ಹೇಳಿಸಿ ನೋಡಿರಿ ಎಂದೆ. ವಿದ್ಯಾ ಪೂರ್ತಿ ಕೇಳಿದರು. ಕೆಟ್ಟವರಲ್ಲ, ಮಕ್ಕಳ ಮೇಲೆ ಕೈ ಎತ್ತಿದವರಲ್ಲ. ತಲೆದೂಗಿ, ಹುಬ್ಬು ಗಂಟಿಕ್ಕಿ, ನಿಜವಾಗಿಯೂ ತಿಳಿಯದೆ ಕೇಳಿದರು.

"ಅದೆಲ್ಲಾ ಖರೇರಿ ಟೀಚರ್. ಮತ್ತ ಚಪ್ಪಲಿ ಯಾರ ತರ್ತಾರ್ರಿ?"

ನಾನು ಬಗ್ಗಿ ನನ್ನ ಕಾಲಿನ ಚಪ್ಪಲಿಗಳನ್ನು ಬಿಚ್ಚಿ ಅವರ ಮೇಜಿನ ಮೇಲೆ, ಹಾಳೆಯ ಮೇಲೆ, ಕರಡಿಗೆಯ ಪಕ್ಕದಲ್ಲಿ ಇಟ್ಟೆ. ವಿದ್ಯಾ ಕುರ್ಚಿಯ ಸಮೇತ ಹಿಂದೆ ಸರಿದರು. "ಅಯ್ಯ ಟೀಚರ್, ಮೇಜಿನ ಮ್ಯಾಲ? ತಡೀರಿ, ಯಾರನ್ನರ ಕರದು ತಗಸ್ತೇನಿ" ಎಂದು ಎದ್ದು, ಬಾಗಿಲ ಕಡೆ ತಿರುಗಿ, ಅಂಗಳದಲ್ಲಿ ಆಡುತ್ತಿದ್ದ ಮಕ್ಕಳತ್ತ ನೋಡಿ ಒಂದು ಹೆಸರು ಕೂಗಲು ಬಾಯಿ ತೆರೆದರು. ತೆರೆದವರು ಹಾಗೇ ನಿಂತರು.

"ಕರೀರಿ" ಎಂದೆ. "ಯಾರನ್ನ ಕರೀತೀರಿ, ನಾನೂ ನೋಡ್ತೇನಿ."